ತಿರುಮಲಪ್ಪನ ಕಲ್ಲು

ನಮ್ಮ ಊರಿನ ಹೊಲದಲ್ಲಿ ಒಂದು ಕಲ್ಲಿದೆ. ಊರೆಂದರೆ ಮಧುಗಿರಿಯೇ ಅಲ್ಲ. ಮಧುಗಿರಿಯಿಂದ ಪಾವಗಡದ ರಸ್ತೆ ಹಿಡಿದು, ಮಿಡಿಗೇಶಿಯನ್ನು ಮುಟ್ಟುವ ಮೊದಲೇ ಎಡಕ್ಕೆ ತಿರುಗಿ, ಹುಣಿಸೆಮರಗಳ ಸಾಲು ಮುಗಿದ ಮೇಲೆ ಸಿಕ್ಕುವ ನಲವತ್ತು ಮನೆಯ ಹಳ್ಳಿ. ಹೊರಗಿನವರು ಕೇಳಿದರೆ ಮಧುಗಿರಿ ಎಂದುಬಿಡುವುದು ನಮ್ಮ ರೂಢಿ. ಹಾಗೆಂದೊಡನೆ ಅವರಿಗೆ ಆ ಏಕಶಿಲೆಯ ಬೆಟ್ಟ ನೆನಪಾಗುತ್ತದೆ. ನಮಗೂ ಬೆಟ್ಟದಲ್ಲಿ ಒಂದಿಷ್ಟು ಪಾಲು ಬಂದಂತಾಗುತ್ತದೆ.

ಕಲ್ಲು ನಮ್ಮ ಕಡಲೆಕಾಯಿ ಹೊಲದ ಬದುವಿನ ಮೇಲೆ, ಬೇವಿನ ಮರದ ಕೆಳಗೆ ನಿಂತಿದೆ. ಎದೆಯುದ್ದದ ವೀರಗಲ್ಲು. ಮೇಲಿನ ಹಂತದಲ್ಲಿ ಸೂರ್ಯ ಚಂದ್ರರ ನಡುವೆ ಲಿಂಗ. ನಡುವಿನ ಹಂತದಲ್ಲಿ ವೀರನನ್ನು ತೋಳು ಹಿಡಿದು ಕರೆದೊಯ್ಯುವ ಇಬ್ಬರು ದೇವಕನ್ಯೆಯರು. ಅದರ ಕೆಳಗೆ, ಕಾಳಗ ಇರಬೇಕಾದ ಜಾಗ, ಮಣ್ಣಿನೊಳಗೆ ಹೂತಿದೆ. ನಡುವಣ ಪಟ್ಟಿಯಲ್ಲಿ ಎರಡು ಸಾಲು ಅಕ್ಷರಗಳಿವೆ, ಅಥವಾ ಇದ್ದುವು. ಮನೆಯ ಹೆಂಗಸರು ಅದಕ್ಕೆ ಎಣ್ಣೆ ಹಚ್ಚಿ ಹಚ್ಚಿ, ಕಲ್ಲು ಒಲೆಯ ಮೇಲಿನ ಕಾವಲಿಯ ಹಾಗೆ ಕಪ್ಪಾಗಿ ಹೊಳೆಯುತ್ತದೆ. ಅದರ ಹೆಸರು ತಿರುಮಲಪ್ಪ. ಆ ಹೆಸರನ್ನು ಇಟ್ಟವನು ನಾನು. ಈ ಮಾತನ್ನು ಐವತ್ತೇಳು ವರ್ಷ ಯಾರ ಎದುರಿಗೂ ಆಡಿರಲಿಲ್ಲ.

1967ರ ಬೇಸಗೆ. ನನಗೆ ಹದಿನಾಲ್ಕು. ಮಧುಗಿರಿಯಲ್ಲಿ ಓದುತ್ತಿದ್ದೆ. ನಮಗೆ ಚರಿತ್ರೆ ಹೇಳುತ್ತಿದ್ದ ಮೇಷ್ಟರೊಬ್ಬರಿಗೆ ಶಾಸನಗಳ ಹುಚ್ಚು. ಅವರು ಒಂದು ದಿನ ಸಂಜೆ ನಮ್ಮನ್ನು ಕೋಟೆಯ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, ಮಧ್ಯಾಹ್ನ ಬರಿಯ ಕಲ್ಲಾಗಿದ್ದುದು ಸೂರ್ಯ ಇಳಿಯುವಾಗ ಹೇಗೆ ಗೆರೆಗಳಾಗಿ ಮೇಲೇಳುತ್ತದೆಂದು ತೋರಿಸಿದ್ದರು. ನೆತ್ತಿಯ ಬಿಸಿಲಿಗೆ ನೆರಳಿಲ್ಲ, ನೆರಳಿಲ್ಲದ ಅಕ್ಷರ ಕಣ್ಣಿಗೆ ಇಲ್ಲ. ಓರೆಯ ಬೆಳಕಿಗೆ ಮಾತ್ರ ಸವೆದ ಗೆರೆಯೂ ತನ್ನ ನೆರಳನ್ನು ಒಪ್ಪಿಸುತ್ತದೆ. ಆ ಪಾಠವನ್ನು ನಾನು ರಜೆಗೆ ಊರಿಗೆ ಹೊತ್ತು ತಂದೆ. ರಾತ್ರಿ ಲಾಟೀನನ್ನು ಕಲ್ಲಿನ ಮಗ್ಗುಲಿಗೆ ಹಿಡಿದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ತಾತ ಹತ್ತಿರವೇ ಕುಳಿತು, "ಏನಂತೆ? ಏನಂತೆ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರು. ಅವರಿಗೆ ಓದು ಬಾರದು. ತಮ್ಮ ಹೊಲದ ಕಲ್ಲು ಮೊಮ್ಮಗನ ಬಾಯಿಂದ ಮಾತಾಡುವುದೆಂದರೆ ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ನನಗೂ ಅಷ್ಟೆ. "ಗೊತ್ತಾಗುವುದಿಲ್ಲ ತಾತ" ಎಂದು ಹೇಳುವ ಧೈರ್ಯ ಹದಿನಾಲ್ಕರಲ್ಲಿ ಇರುವುದಿಲ್ಲ.

ಎರಡನೆಯ ಸಾಲಿನ ಆರಂಭದಲ್ಲಿ ನಾಲ್ಕು ಅಕ್ಷರಗಳು ಉಳಿದವಕ್ಕಿಂತ ಸ್ವಲ್ಪ ಸ್ಪಷ್ಟವಾಗಿದ್ದುವು. ಮೊದಲನೆಯದು ತಕಾರ, ಮೂರನೆಯದು ಮಕಾರ. ಎರಡನೆಯದು ಬಳೆಗೆ ಬಳೆ ತಾಗಿಸಿಟ್ಟಂತಿದ್ದ ವಿಚಿತ್ರವಾದ ಆಕೃತಿ. ನನ್ನ ವರ್ಣಮಾಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆತ್ತಿದವನ ಕೈ ತಪ್ಪಿರಬೇಕು, ಅದು ರಕಾರವೇ ಎಂದು ತೀರ್ಮಾನಿಸಿದೆ. ನಾಲ್ಕನೆಯದನ್ನು ಲಕಾರ ಎಂದುಕೊಂಡರೆ ಹೆಸರು ಪೂರ್ತಿಯಾಯಿತು: ತಿರುಮಲ. ತಾತ ಎದ್ದು ನಿಂತು ಕೈಮುಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಬರಿಯ ಹುಡುಗುತನ. ಆ ವಾರ ಬೀಸುವ ಕಲ್ಲಿಗೆ ಉಳಿ ಹಾಕುವವನು ಊರಿಗೆ ಬಂದಿದ್ದ. ಅವನು ಜಗಲಿಯ ಮೇಲೆ ಉಂಡು ಮಲಗಿದ್ದಾಗ ಅವನ ಚೀಲದಿಂದ ಒಂದು ಚೂಪುಳಿಯನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ಹೋಗಿ, ಆ ನಾಲ್ಕು ಅಕ್ಷರಗಳನ್ನು ಎಲ್ಲರೂ ಓದುವ ಹಾಗೆ ತಿದ್ದಿದೆ. ತಿದ್ದಿದೆ ಎನ್ನುವ ಮಾತು ನೋಡಿ! ಆಗ ಹಾಗೆಯೇ ಅಂದುಕೊಂಡಿದ್ದೆ. ಮೊದಲನೆಯ ಅಕ್ಷರದ ನೆತ್ತಿಗೆ ಒಂದು ಗುಡಿಸು, ಎರಡನೆಯದಕ್ಕೆ ನನ್ನ ಪಠ್ಯಪುಸ್ತಕದ ರಕಾರ, ನಾಲ್ಕನೆಯದಕ್ಕೆ ದುಂಡಾದ ಲಕಾರ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಸಗಣಿನೀರು ಬಳಿದೆ, ಹೊಸ ಗಾಯ ಬೆಳ್ಳಗೆ ಕಾಣಬಾರದೆಂದು. ಅಂದರೆ ಒಳಗೆಲ್ಲೋ ಗೊತ್ತಿತ್ತು.

ಮಾರನೆಯ ವರ್ಷ ಚಿಕ್ಕಪ್ಪನಿಗೆ ಗಂಡುಮಗುವಾಯಿತು. ಚಿಕ್ಕಮ್ಮ ನಮ್ಮ ಮನೆಗೆ ಸೊಸೆಯಾಗಿ ಬಂದು ಆಗ ಎರಡು ವರ್ಷ. ತಾತ ಬೇರೆ ಹೆಸರನ್ನೇ ಎತ್ತಗೊಡಲಿಲ್ಲ. ಮಗು ತಿರುಮಲನಾದ. ನಾಮಕರಣದ ದಿನ ಅವನನ್ನು ಕಲ್ಲಿನ ಮುಂದೆ ಮಲಗಿಸಿ ಎತ್ತಿಕೊಂಡರು. ಅಲ್ಲಿಯವರೆಗೆ ಬರಿಯ "ವೀರಗಾರಪ್ಪ" ಆಗಿದ್ದ ಕಲ್ಲು ಅಂದಿನಿಂದ ತಿರುಮಲಪ್ಪನಾಯಿತು.

1971ರಲ್ಲಿ ತುಮಕೂರಿನ ಕಾಲೇಜಿನಲ್ಲಿ ಹಳಗನ್ನಡದ ತರಗತಿ. ಅಧ್ಯಾಪಕರು ಕರಿಹಲಗೆಯ ಮೇಲೆ ಎರಡು ಅಕ್ಷರ ಬರೆದು, ಇವು ಕನ್ನಡದಿಂದ ಬಿಟ್ಟುಹೋದವು, ಒಂದು ಱ, ಒಂದು ೞ, ಎಂದರು. ಹಳೆಯ ಕಲ್ಲುಗಳಲ್ಲಿ ಈ ಮೊದಲನೆಯದು ಹೇಗಿರುತ್ತದೆಂದು ಪಕ್ಕದಲ್ಲಿ ಬರೆದು ತೋರಿಸಿದರು. ಬಳೆಗೆ ಬಳೆ ತಾಗಿಸಿಟ್ಟಂತೆ. ಬೆಂಚಿನ ಮೇಲೆ ಕುಳಿತಲ್ಲೇ ನನ್ನ ಕಿವಿ ಬಿಸಿಯಾಯಿತು. ಆ ದೀಪಾವಳಿಗೆ ಊರಿಗೆ ಹೋದಾಗ ಮೂರು ವರ್ಷದ ತಿರುಮಲ ಓಡಿಬಂದು ಕಾಲಿಗೆ ಕಟ್ಟಿಕೊಂಡ. ನಾನು ಕಲ್ಲಿನ ಕಡೆಗೆ ಹೋಗಲಿಲ್ಲ.

ಆಮೇಲೆ ಬ್ಯಾಂಕಿನ ನೌಕರಿ, ವರ್ಗ, ಬೆಂಗಳೂರು. ಬೆಂಗಳೂರಿನಲ್ಲಿ ಒಂದು ಗ್ರಂಥಾಲಯದಲ್ಲಿ ಕುಳಿತು ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟವನ್ನು ತಿರುವಿಹಾಕಿದ್ದುಂಟು. ತುಮಕೂರು ಜಿಲ್ಲೆಯ ಸಂಪುಟ ಅದು, 1904ರಲ್ಲಿ ಅಚ್ಚಾದುದು. ನಮ್ಮ ತಾಲ್ಲೂಕಿಗೆ ಆಗ ಮದ್ದಗಿರಿ ಎಂದು ಹೆಸರು. ನನ್ನ ಉಳಿ ಬೀಳುವುದಕ್ಕೆ ಅರವತ್ತು ವರ್ಷ ಮೊದಲು ಯಾರಾದರೂ ನಮ್ಮ ಕಲ್ಲನ್ನು ಓದಿಟ್ಟಿದ್ದರೆ ನಾನು ಬದುಕಿಕೊಂಡೆ ಎಂಬ ಆಸೆ. ನೆರೆಯ ಊರುಗಳಿದ್ದುವು, ನಮ್ಮ ಊರು ಇರಲಿಲ್ಲ. ಆ ಕಾಲದವರು ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ, ಕಾಗದ ಅಕ್ಷರದ ಹಳ್ಳಕ್ಕೆ ಇಳಿದು ಒಣಗುವ ಹೊತ್ತಿಗೆ ಮಸಿಯ ಮೆತ್ತೆಯಿಂದ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಉಬ್ಬು ಕಪ್ಪಾಗುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಈಗಲೂ ತೆಗೆಯುತ್ತಾರೆ, 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂದ ಕೇಂದ್ರ ಸರಕಾರದ ಶಾಸನ ಕಚೇರಿಯಲ್ಲಿ ಇಂಥ ಹಾಳೆಗಳು ರಾಶಿ ರಾಶಿಯಾಗಿವೆ. ಅಷ್ಟರಲ್ಲಿ ಒಂದೂ ನನ್ನ ಪಾಲಿಗೆ ಇರಲಿಲ್ಲ.

ತಿರುಮಲ 2016ರಲ್ಲಿ ತೀರಿಕೊಂಡ. ನಲವತ್ತೆಂಟು ವರ್ಷ, ಹೊಲದಿಂದ ಬಂದವನು ಎದೆ ಹಿಡಿದುಕೊಂಡು ಕುಳಿತ, ಮಧುಗಿರಿ ಮುಟ್ಟಲಿಲ್ಲ. ಚಿಕ್ಕಮ್ಮ ಅಂದಿನಿಂದ ಆ ಕಲ್ಲಿಗೆ ಶುಕ್ರವಾರದ ಎಣ್ಣೆಯನ್ನು ದಿನದ ಎಣ್ಣೆ ಮಾಡಿದಳು. ಮಗನ ಹೆಸರು ಹೊತ್ತ ಕಲ್ಲು, ನೋಡಿ.

ತಿರುಮಲನ ಮಗ ಈಗ ಇಂಜಿನಿಯರಿಂಗ್ ಮುಗಿಸುವ ಹಂತದಲ್ಲಿದ್ದಾನೆ. ರಜೆಗೆ ನಮ್ಮ ಮನೆಯಲ್ಲೇ ಇರುತ್ತಾನೆ. ಅವನಿಗೆ ಈ ಶಾಸನದ ಗಾಳಿ ಬಡಿದುದು ಹೆಬ್ಬಾಳದ ಕಲ್ಲಿನಿಂದ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಸಿಕ್ಕ ವೀರಗಲ್ಲು ಅದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750, ಕಿತ್ತಯ ಎಂಬ ವೀರನದು. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಅದಕ್ಕಿಂತ ಹಳೆಯದು ಇಲ್ಲ. ಅದಾದ ಮೇಲೆ 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು, ಪಿ. ಎಲ್. ಉದಯಕುಮಾರರ ಮುಂದಾಳುತನದಲ್ಲಿ, ಊರ ಸುತ್ತಿನ ಶಾಸನದ ಕಲ್ಲುಗಳನ್ನು ಒಂದೊಂದಾಗಿ ಹುಡುಕಿ, ಬೆಳಕಿನ ಯಂತ್ರದಿಂದ ಅವುಗಳ ಮೈಯ ಉಬ್ಬುತಗ್ಗುಗಳನ್ನೆಲ್ಲ ಅಳೆದು ಕಾಪಿಡುವ ಕೆಲಸಕ್ಕೆ ಕೈಹಾಕಿದರು. ರಸ್ತೆ ಅಗಲಮಾಡುವವರು, ಅಡಿಪಾಯಕ್ಕೆ ಕಲ್ಲು ಹುಡುಕುವವರು ಬರುವ ಮೊದಲೇ ಇವರು ಓಡಿಹೋಗಬೇಕು. ಅದೊಂದು ಓಟದ ಪಂದ್ಯವೆಂದೇ ಹೇಳಬಹುದು. ಹುಡುಗ ಇದನ್ನೆಲ್ಲ ಓದಿ ಬಂದು ಒಂದು ದಿನ ಊಟಕ್ಕೆ ಕುಳಿತಾಗ, "ದೊಡ್ಡಪ್ಪ, ಅಪ್ಪನ ಕಲ್ಲನ್ನ ನಾನೇ ಸ್ಕ್ಯಾನ್ ಮಾಡ್ತೀನಿ. ಕಾಲೇಜಿನಿಂದ ಪ್ರೊಜೆಕ್ಟರು ಕೊಡ್ತಾರೆ, ಕ್ಯಾಮೆರಾ ಇದೆ" ಎಂದ.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ಸವೆದುಹೋಗಿದೆಯಪ್ಪ, ಏನೂ ಸಿಕ್ಕುವುದಿಲ್ಲ" ಎಂದೆ.

"ಸವೆದಿರೋದಕ್ಕೇ ಇದು ಬೇಕಾಗಿರೋದು ದೊಡ್ಡಪ್ಪ."

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಸ್ಟ್ರಕ್ಚರ್ಡ್ ಲೈಟ್ ಎನ್ನುತ್ತಾರಂತೆ. ನಾನು ಪಟ್ಟೆಬೆಳಕು ಎಂದು ಕರೆದುಕೊಂಡಿದ್ದೇನೆ. ಮೊದಲು ಕೇಳಿದಾಗ ಮಾಟದ ಹಾಗೆ ಕಂಡಿತು. ಆಮೇಲೆ ಯೋಚಿಸಿದರೆ ಮನೆಯಲ್ಲೇ ನೋಡಿದ್ದ ಸಂಗತಿ. ಬೆಳಗಿನ ಬಿಸಿಲಿಗೆ ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ನೆಟ್ಟಗೆ ಬೀಳುತ್ತದಲ್ಲವೆ? ಅದೇ ನೆರಳು, ಕಂಬಳಿ ಹೊದ್ದು ಮಲಗಿದ ಅಜ್ಜಿಯ ಮೇಲೆ ಬಿದ್ದರೆ ಮೊಣಕಾಲ ಹತ್ತಿರ ಏರುತ್ತದೆ, ಹೊಟ್ಟೆಯ ಹತ್ತಿರ ಇಳಿಯುತ್ತದೆ. ಕಿಟಕಿಯ ಬದಿಗೇ ನಿಂತು ನೋಡಿದರೆ ಈ ಬಾಗು ಅಷ್ಟಾಗಿ ತಿಳಿಯದು. ಪಕ್ಕಕ್ಕೆ ಸರಿದು ಬೇರೆ ಕೋನದಿಂದ ನೋಡಬೇಕು. ಸರಳು ನೆಟ್ಟಗಿದೆ ಎಂದು ನಮಗೆ ಮೊದಲೇ ಗೊತ್ತು. ಆದುದರಿಂದ ನೆರಳು ಎಷ್ಟು ಬಾಗಿತೋ ಅಷ್ಟು ಅಜ್ಜಿಯ ಎತ್ತರ. ಕಿಟಕಿಯ ಬದಲು ಪ್ರೊಜೆಕ್ಟರು, ನಮ್ಮ ಕಣ್ಣಿನ ಬದಲು ಕ್ಯಾಮೆರಾ, ಅಜ್ಜಿಯ ಬದಲು ಕಲ್ಲು, ಉಳಿದುದು ಲೆಕ್ಕ. ಆ ಲೆಕ್ಕವೂ ಹೊಸದಲ್ಲ. ತ್ರಿಕೋನದ ಒಂದು ಬಾಹು, ಎರಡು ಕೋನ ತಿಳಿದರೆ ಮೂರನೆಯ ಮೂಲೆ ಎಲ್ಲಿದೆಯೆಂದು ಹೇಳಬಹುದು. 1802ರಲ್ಲಿ ಮದರಾಸಿನ ಪರಂಗಿಮಲೆಯ ಹತ್ತಿರ ಲ್ಯಾಂಬ್ಟನ್ ಒಂದು ಗೆರೆ ಅಳೆದು, ಅದರ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಇಡೀ ದೇಶವನ್ನು ಅಳೆಯಲು ಹೊರಟುದು ಈ ಸೂತ್ರದಿಂದಲೇ. ಅವನಿಗೆ ಬೆಟ್ಟದ ತುದಿಗಳು ಬೇಕಾಗಿದ್ದುವು, ಹುಡುಗನಿಗೆ ಮೂರಡಿಯ ಕಲ್ಲು ಸಾಕು.

ಆದರೆ ನೂರಾರು ಪಟ್ಟೆಗಳು ಒಟ್ಟಿಗೆ ಬಿದ್ದರೆ ಯಾವುದು ಯಾವ ಪಟ್ಟೆ ಎಂದು ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು? ಇದರ ಉಪಾಯ ನನಗೆ ಬಹಳ ಹಿಡಿಸಿತು. ಮೊದಲು ಕಲ್ಲಿನ ಅರ್ಧಕ್ಕೆ ಬೆಳಕು, ಅರ್ಧಕ್ಕೆ ಕತ್ತಲೆ. ಆಮೇಲೆ ಕಾಲು ಕಾಲಾಗಿ, ಬಳಿಕ ಅರೆಕಾಲಾಗಿ; ಹೀಗೆ ಪಟ್ಟೆ ಸಣ್ಣದಾಗುತ್ತ ಹೋಗುತ್ತದೆ. ಪ್ರತಿಸಲವೂ ಒಂದು ಚಿತ್ರ. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಂಡವನನ್ನು "ಹೌದೋ ಅಲ್ಲವೋ" ಎಂದು ಕೇಳಿ ಕೇಳಿ ಹಿಡಿಯುವ ಮಕ್ಕಳ ಆಟವಿದೆಯಲ್ಲ, ಅದೇ. ಹತ್ತು ಸಲ ಕೇಳಿದರೆ 1,024 ಪಟ್ಟೆಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಗುರುತು ಸಿಕ್ಕುತ್ತದೆ. ನೆರೆಯ ಎರಡು ಪಟ್ಟೆಗಳ ಗುರುತಿನಲ್ಲಿ ಒಂದೇ ಒಂದು ಉತ್ತರ ಬೇರೆಯಾಗಿರುವಂತೆ ಜೋಡಿಸಿದರೆ ಅಂಚಿನಲ್ಲಿ ತಪ್ಪಾದರೂ ತಪ್ಪು ದೊಡ್ಡದಾಗದು. 1953ರಲ್ಲಿ ಅಮೆರಿಕದ ಫ್ರಾಂಕ್ ಗ್ರೇ ಎಂಬಾತನಿಗೆ ಪೇಟೆಂಟು ದೊರೆತ ಜೋಡಣೆ ಅದು. ಕೊನೆಗೆ ಅಂಚು ಮಸುಕಾದ, ಅಲೆಯಂಥ ಪಟ್ಟೆಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಇನ್ನೂ ಸೂಕ್ಷ್ಮವಾಗಿ ಅಳೆಯುತ್ತಾರೆ. ಒಂದೊಂದು ಅಡಿಯಷ್ಟು ಜಾಗವನ್ನು ಹಿಡಿದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ತನ್ನ ಸಲಕರಣೆ ಇಳಿಯುತ್ತದೆಂದು ಹುಡುಗ ಹೇಳಿದ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, 1998–99ರಲ್ಲಿ, ಸ್ಟ್ಯಾನ್‌ಫರ್ಡಿನವರು ಲೇಸರ್ ಗೆರೆಯಿಂದ ಮೈಕೆಲ್ಯಾಂಜೆಲೋವಿನ ಡೇವಿಡ್ ಮೂರ್ತಿಯನ್ನು ಅಳೆಯಲು ದೊಡ್ಡ ತಂಡವನ್ನೂ ಟನ್ನುಗಟ್ಟಲೆ ಸಾಮಾನನ್ನೂ ಫ್ಲಾರೆನ್ಸಿಗೆ ಸಾಗಿಸಬೇಕಾಯಿತು. ಈಗ ಮುಖ ನೋಡಿ ತೆರೆದುಕೊಳ್ಳುವ ಕೆಲವು ಫೋನುಗಳೇ ನಮ್ಮ ಮುಖದ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಚುಕ್ಕೆಗಳನ್ನು ಚೆಲ್ಲಿ ಮೂಗಿನ ಎತ್ತರವನ್ನು ಅಳೆದುಕೊಳ್ಳುತ್ತವೆ.

ಇಷ್ಟು ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲವೆಂದರೆ ವಾಚಕರು ನಂಬಬೇಕು. ಲಾಟೀನಿನ ಬೆಳಕನ್ನು ಮೋಸಗೊಳಿಸಿದ್ದೆ, ತಾತನನ್ನು ಮೋಸಗೊಳಿಸಿದ್ದೆ. ಇದು ಆಳವನ್ನೇ ಅಳೆಯುವ ಬೆಳಕು. ಹಳೆಯ ಗೆರೆ ಎಷ್ಟು ಆಳ, ಹೊಸ ಉಳಿ ಎಷ್ಟು ಆಳ ಎಂದು ಅದು ಬೇರೆ ಬೇರೆಯಾಗಿ ಹೇಳಿಬಿಡುತ್ತದೆ.

ನನ್ನನ್ನು ಕಾಪಾಡುವಂತೆ ಕಂಡುದು ಎಣ್ಣೆ. ಹುಡುಗ ಒಂದು ಶನಿವಾರ ಹೋಗಿ ಪ್ರಯತ್ನಿಸಿದ. ಕಪ್ಪಗೆ ಹೊಳೆಯುವ ಮೈ ಪಟ್ಟೆಬೆಳಕಿಗೆ ಶತ್ರು. ಕಪ್ಪು ಬೆಳಕನ್ನು ನುಂಗುತ್ತದೆ, ಹೊಳಪು ಅದನ್ನು ಕನ್ನಡಿಯಂತೆ ಬೇರೆಲ್ಲಿಗೋ ಎಸೆಯುತ್ತದೆ; ಕ್ಯಾಮೆರಾಕ್ಕೆ ಸಿಕ್ಕುವುದು ಒಂದೆರಡು ಮಿಂಚು, ಉಳಿದೆಡೆ ತೂತು. ಮೇಲಾಗಿ ಹಗಲು; ಸೂರ್ಯನ ಎದುರಿಗೆ ಪ್ರೊಜೆಕ್ಟರು ಮಿಣುಕುಹುಳ. ಕಾರ್ಖಾನೆಗಳಲ್ಲಿ ಇಂಥ ಹೊಳೆಯುವ ಸಾಮಾನಿಗೆ ಬಿಳಿಯ ಪುಡಿಯನ್ನು ತೆಳ್ಳಗೆ ಸಿಂಪಡಿಸಿಕೊಳ್ಳುತ್ತಾರೆ. ಪೂಜೆಯ ಕಲ್ಲಿಗೆ ಅದನ್ನು ಸಿಂಪಡಿಸುವವರು ಯಾರು? ಹುಡುಗ ಅಜ್ಜಿಯ ಮುಂದೆ ಹೋಗಿ ಎಣ್ಣೆ ತೆಗೆಯಬಹುದೇ ಎಂದು ಕೇಳಿದ.

"ಎಣ್ಣೆ ತೆಗಿಯಾಕೆ ನೀನ್ಯಾವನ್ಲಾ? ನಿಮ್ಮಪ್ಪನ ಮೈಮೇಲಿನ ಎಣ್ಣೆ ಅದು" ಎಂದಳಂತೆ.

ಅವನು ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಎರಡು ದಿನ ಬಿಟ್ಟು ಮತ್ತೆ ಫೋನು. ಈ ಸಲ ಚಿಕ್ಕಮ್ಮನೇ: "ಯುಗಾದಿಗೆ ಮುಂಚೆ ಅಮಾಸೆ ದಿನ ಅವನಿಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೀತೀವಲ್ಲಪ್ಪ. ತೊಳೆದು, ಹಬ್ಬದ ಬೆಳಗ್ಗೆ ಹೊಸ ಎಣ್ಣೆ ಹಚ್ಚೋದು. ಆ ರಾತ್ರಿ ಅವನು ಬರೀ ಮೈಯಾಗಿರ್ತಾನೆ. ಆವಾಗ ಏನ್ ಮಾಡ್ಕಂತೀರೋ ಮಾಡ್ಕಳಿ. ನೀನೂ ಬಾ ಮಗ, ಹುಡುಗನ ಒಬ್ಬನ್ನೇ ಕಳಿಸ್ಬೇಡ. ಕರಡಿ ಓಡಾಡ್ತವೆ."

ಮೊದಲು ಓದಿದವನು ನಾನೆಂಬ ಮರ್ಯಾದೆಗೆ ನನ್ನನ್ನು ಕರೆದಿದ್ದಳು.

ಹೀಗೆ 2024ರ ಯುಗಾದಿಯ ಹಿಂದಿನ ರಾತ್ರಿ ನಾವು ಹೊಲದಲ್ಲಿದ್ದೆವು. ಅಮಾವಾಸ್ಯೆಯ ಕತ್ತಲೆಯನ್ನು ಹುಡುಗ ಹೊಗಳಿದಷ್ಟು ಯಾವ ಕಳ್ಳನೂ ಹೊಗಳಿರಲಾರ. ಪಂಪುಸೆಟ್ಟಿನ ಕೊಠಡಿಯಿಂದ ವೈರು ಎಳೆದಿದ್ದಾಯಿತು. ನಮ್ಮ ಕಡೆ ಹೊಲದ ಕರೆಂಟು ಬರುವುದು ಯಾವಾಗ, ಹೋಗುವುದು ಯಾವಾಗ ಎಂಬುದು ಪಂಚಾಂಗದಲ್ಲಿ ಸಿಕ್ಕುವ ವಿಷಯವಲ್ಲ. ಎರಡು ಸಲ ಹೋಯಿತು. ಪ್ರತಿಸಲವೂ ಮೊದಲಿನಿಂದ ಶುರು. ಕಪ್ಪು ಬಿಳುಪು ಚೌಕಗಳ ಹಲಗೆಯೊಂದನ್ನು ಕಲ್ಲಿನ ಮುಂದೆ ಹತ್ತಾರು ಓರೆಗಳಲ್ಲಿ ಹಿಡಿಯುವ ಕೆಲಸ ನನಗೆ ಬಂತು. ಕ್ಯಾಮೆರಾ ಎಲ್ಲಿದೆ, ಪ್ರೊಜೆಕ್ಟರು ಎಲ್ಲಿದೆ ಎಂದು ಲೆಕ್ಕಕ್ಕೆ ತಿಳಿಸುವ ವಿಧಾನ ಅದು. ಅದಾದ ಮೇಲೆ ಎರಡರಲ್ಲಿ ಯಾವುದೂ ಕೂದಲಷ್ಟೂ ಅಲುಗಬಾರದು. ಹುಡುಗ ನನಗೆ ಉಸಿರನ್ನೂ ದೂರ ಬಿಡೆಂದ.

ಆಮೇಲೆ ಪಟ್ಟೆಗಳು ಬಿದ್ದುವು. ಕತ್ತಲೆಯಲ್ಲಿ ಬರಿಯ ಆ ಕಲ್ಲು ಮಾತ್ರ. ಮೊದಲು ಅರ್ಧ ಬಿಳಿ, ಅರ್ಧ ಇಲ್ಲ. ಪಟ್ಟೆಗಳು ಒಡೆದು ಒಡೆದು ಸಣ್ಣದಾಗುತ್ತ ವೀರನ ಭುಜದ ಮೇಲೆ ಏರಿ, ದೇವಕನ್ಯೆಯರ ಸೊಂಟದಲ್ಲಿ ಬಳುಕಿ, ಅಕ್ಷರದ ಪಟ್ಟಿಗೆ ಬಂದಾಗ ಸಣ್ಣಗೆ ನಡುಗಿದಂತೆ ಕಂಡುವು. ಆ ನಡುಕವೇ ಅಕ್ಷರ. ಎರಡನೆಯ ಸಾಲಿನ ಆರಂಭದಲ್ಲಿ ಮಾತ್ರ ಅವು ನಡುಗಲಿಲ್ಲ. ಹಲ್ಲು ಮುರಿದ ಬಾಚಣಿಗೆಯಂತೆ ತುಂಡು ತುಂಡಾದುವು. ನಾನು ಬೇರೆ ಕಡೆಗೆ ನೋಡಿದೆ. ಚಿಕ್ಕಮ್ಮ ಬದುವಿನ ಮೇಲೆ ಸೆರಗು ಹೊದ್ದು ಕುಳಿತಿದ್ದಳು. "ವಿಭೂತಿ ಪಟ್ಟೆ ಇದ್ದಂಗೈತೆ" ಎಂದಳು.

ಬೆಳಗಾಗುವ ಮೊದಲು ಮುಗಿಯಿತು. ಹಬ್ಬದ ದಿನ ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಹುಡುಗ ಲ್ಯಾಪ್‌ಟಾಪಿನಲ್ಲಿ ಕಲ್ಲನ್ನು ಎಬ್ಬಿಸಿದ. ಬೂದು ಬಣ್ಣದ ಕಲ್ಲು, ಎಣ್ಣೆಯಿಲ್ಲ, ಕಲೆಯಿಲ್ಲ, ಬರಿಯ ಆಕಾರ. ಕಲ್ಲಿನ ಮೈಯ ದೊಡ್ಡ ಬಾಗನ್ನು ಲೆಕ್ಕದಿಂದ ಕಳೆದು, ಉಳಿದ ತಗ್ಗನ್ನು ಐದು ಪಾಲು ಹೆಚ್ಚಿಸಿದ. ಆಮೇಲೆ ಒಂದು ಸುಳ್ಳು ಸೂರ್ಯನನ್ನು ಎಡಗಡೆಯ ಅಂಚಿಗೆ ಇಳಿಸಿದ. ನನ್ನ ಮೇಷ್ಟರ ಸಂಜೆ, ಬೆರಳ ತುದಿಯಲ್ಲಿ. ಸಾಲು ಮೇಲೆದ್ದಿತು. ಅಲ್ಲಲ್ಲಿ ಏನೂ ಇಲ್ಲ. ಅಲ್ಲಲ್ಲಿ ದುಂಡಗೆ, ಬೆರಳು ಸವರಿದಂತೆ ಮೃದುವಾದ ತಗ್ಗು, ಅರ್ಧ ಮಿಲಿಮೀಟರೂ ಉಳಿಯದ್ದು. ಅದರ ಮೇಲೆ, ಆ ನಾಲ್ಕು ಅಕ್ಷರಗಳ ಕಡೆ, ಚೂಪಾದ ಗುಳಿಗಳ ಸಾಲು, ಎರಡು ಮಿಲಿಮೀಟರು ಆಳ.

"ಇದ್ಯಾರೋ ಆಮೇಲೆ ಹೊಡೆದಿದ್ದಾರೆ ದೊಡ್ಡಪ್ಪ. ಉಳಿಯ ಗುರುತು. ಆದರೆ ನೋಡಿ, ಅವರು ಎಲ್ಲವನ್ನೂ ಮುಚ್ಚಿಲ್ಲ." ಉಳಿ ಹೋಗದ ಕಡೆಯಲ್ಲಿ, ರಕಾರದ ಹೊಟ್ಟೆಯೊಳಗೆ, ಎರಡು ಬಳೆಗಳು ಒಂದಕ್ಕೊಂದು ತಾಗಿಕೊಂಡು ಹಾಗೆಯೇ ಇದ್ದುವು. ಮೊದಲನೆಯ ಅಕ್ಷರದ ಬಲಗಡೆ ಕೆಳಗೆ, ನಾನು ಬಿರುಕೆಂದುಕೊಂಡು ಬಿಟ್ಟಿದ್ದ ಕೊಕ್ಕೆಯೂ ಇತ್ತು. ಅದು ಉಕಾರದ ಕೊಂಬು.

ಮೈಸೂರಿನಲ್ಲಿ ಶಾಸನ ಓದಬಲ್ಲ ಗೆಳೆಯರೊಬ್ಬರಿದ್ದಾರೆ. ಅವರಿಗೆ ಚಿತ್ರ ಕಳಿಸಿದೆವು. ಮೂರನೆಯ ದಿನ ಅವರ ಉತ್ತರ ಬಂತು. ಮೊದಲ ಸಾಲಿನಲ್ಲಿ ವೀರನ ಹೆಸರಿರಬೇಕಾದ ಜಾಗ ಪೂರ್ತಿ ಸವೆದಿದೆ, ಏನೂ ಮಾಡುವಂತಿಲ್ಲ. ಎರಡನೆಯದರಲ್ಲಿ "ತುಱು ಮಗು" ಎಂಬಷ್ಟು ಖಚಿತ. ಮುಂದಿನ ಗೆರೆಗಳನ್ನು ನೋಡಿದರೆ ತುಱು ಮಗುೞ್ಚಿ ಎಂದಿರಬೇಕು. ಕೊನೆಗೆ ಸತ್ತ ಎಂಬುದರ ಅರ್ಧ. ತುಱು ಎಂದರೆ ದನ. ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಮರಳಿ ತಂದು ಸತ್ತವನು. "ಮಧ್ಯೆ ಯಾವ ಪುಣ್ಯಾತ್ಮ ಉಳಿ ಆಡಿಸಿದ್ದು?" ಎಂದೂ ಕೇಳಿದ್ದರು.

ತಿರುಮಲ ಅಲ್ಲಿ ಎಂದೂ ಇರಲಿಲ್ಲ.

ಹುಡುಗನಿಗೆ ಮೊದಲು ಹೇಳಿದೆ. ಅವನು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಅಪ್ಪನಿಗೆ ಗೊತ್ತಿತ್ತಾ?" ಎಂದ. ಇಲ್ಲವೆಂದೆ. "ಅಜ್ಜಿಗೆ ನೀವೇ ಹೇಳಬೇಕು ದೊಡ್ಡಪ್ಪ" ಎಂದು ಎದ್ದುಹೋದ. ಆ ಮಾತಿನಲ್ಲಿ ಸಿಟ್ಟಿತ್ತು. ಇರಬೇಕಾದ್ದೇ.

ಊರಿಗೆ ಹೋದಾಗ ಚಿಕ್ಕಮ್ಮ ಹಟ್ಟಿಯಲ್ಲಿ ಹಸುವಿನ ಹತ್ತಿರವಿದ್ದಳು. ಹಸು ಕರು ಹಾಕಿ ನಾಲ್ಕೈದು ದಿನವಾಗಿತ್ತು. ಅಲ್ಲೇ ಹೇಳಿದೆ, ನಿಂತುಕೊಂಡು, ಉಳಿಯಿಂದ ಹಿಡಿದು ಸಗಣಿನೀರಿನವರೆಗೆ. ಅವಳು ಹಸುವಿನ ಬೆನ್ನಿನ ಮೇಲಿಂದ ಕೈ ತೆಗೆಯದೆ ಕೇಳಿದಳು.

"ದನ ಬಿಡಿಸ್ಕಂಡು ಬಂದೋನಾ ಅವನು?"

"ಹೌದು ಚಿಕ್ಕಮ್ಮ."

"ಅದಕ್ಕೇ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಿಡಿಸಿದಳು: "ಮೊದಲನೇ ಗಿಣ್ಣದ ಹಾಲು ಅವನ ತಲೆ ಮೇಲೆ ಹುಯ್ದೇ ನಾವು ಬಾಯಿಗೆ ಹಾಕೋದು. ನಮ್ಮತ್ತೆ ಹೇಳಿಕೊಟ್ಟಿದ್ದು. ಅವರಿಗೆ ಅವರತ್ತೆ. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೊನ್ನೆನೂ ಹುಯ್ದೆ."

ನಾನು ಎಷ್ಟೋ ಸಲ ಆ ಹಾಲನ್ನು ನೋಡಿದ್ದೆ. ಕಲ್ಲನ್ನು ಓದಲು ಹೋದವನಿಗೆ ಅದನ್ನು ಓದಬೇಕೆಂದು ತೋರಿರಲಿಲ್ಲ.

"ಅವನ ಹೆಸರೇನಂತೆ ಮತ್ತೆ?" ಎಂದು ಕೇಳಿದಳು.

ಹೆಸರಿದ್ದ ಜಾಗ ಸವೆದಿದೆ, ಇನ್ನು ಯಾವ ಬೆಳಕಿಗೂ ಸಿಕ್ಕದು ಎಂದೆ.

ಅವಳು ಕರುವಿನ ಹಗ್ಗ ಬಿಚ್ಚಿದಳು. ಕರು ತಾಯಿಯ ಕೆಚ್ಚಲಿಗೆ ನುಗ್ಗಿತು. "ತಾತನ ಮುಂದೆ ಆವತ್ತೇ ಹೇಳಿದ್ರೆ ಎರಡು ಬಾರಿಸ್ತಿದ್ರು, ಅಷ್ಟೆ" ಎಂದಳು. ನನ್ನ ಮುಖ ನೋಡಲಿಲ್ಲ. ಆ ಸಂಜೆ ಅವಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, ನನಗಲ್ಲ, ಮೊಮ್ಮಗನಿಗೆ ಎಂಬಂತೆ ಹೇಳಿದಳು: "ಹೆಸರಿಲ್ದೇ ಇದ್ರೆ ತಿರುಮಲ ಅಂತಲೇ ಇರ್ಲಿ. ನನ್ನ ಮಗನ ಹೆಸರು ಅವನು ಇಟ್ಕಂಡ್ರೆ ಅವನಿಗೇನು ನಷ್ಟ?"

ಕಲ್ಲಿನ ಬುಡದಲ್ಲಿ, ಮಣ್ಣಿನ ಅಂಚಿಗೆ, ಎರಡು ಬಾಗಿದ ಗೆರೆಗಳು ಚಿತ್ರದಲ್ಲಿ ಮೂಡಿವೆ. ನಾವೆಲ್ಲ ಬಳ್ಳಿಯ ಸುರುಳಿ ಎಂದುಕೊಂಡಿದ್ದೆವು. ಈಗ ನೋಡಿದರೆ ಹಸುವಿನ ಕೊಂಬು. ಅಗೆದರೆ ಕೆಳಗೆ ಇಡೀ ಮಂದೆ ಇರಬಹುದು. ಅಗೆಯೋಣವೇ ಎಂದು ಹುಡುಗ ಕೇಳಿದ. ತಿಳಿದವರು ಬಂದು ನೋಡುವವರೆಗೆ ಬೇಡವೆಂದೆ. ಈ ಕಲ್ಲಿನ ವಿಷಯದಲ್ಲಿ ಕೈಗೆ ಸಲಕರಣೆ ತೆಗೆದುಕೊಳ್ಳುವ ಅರ್ಹತೆ ನನಗೆ ಮೊದಲೇ ಕಳೆದಿದೆ.

ಅವನು ಕಲ್ಲಿನ ಕಡತವನ್ನು ಈಗ ಒಪ್ಪವಾಗಿ ಜೋಡಿಸುತ್ತಿದ್ದಾನೆ, ಓದಬಲ್ಲವರಿಗೆ ಕೊಡಲು. ಹಳೆಯ ಗೆರೆಗಳಿಗೆ ಒಂದು ಬಣ್ಣ, ಉಳಿಯ ಗುಳಿಗಳಿಗೆ ಕೆಂಪು. ಕೆಂಪಿನ ಪಕ್ಕದಲ್ಲಿ ಏನೆಂದು ಬರೆಯಲಿ, ಕಾಲ ಗೊತ್ತಿಲ್ಲ ಎನ್ನಲೇ ಎಂದು ನನ್ನನ್ನು ಕೇಳಿದ. 1967 ಎಂದು ಬರೆ, ಎಂದೆ. ನನ್ನ ಹೆಸರನ್ನೂ ಕಾಗುಣಿತ ತಪ್ಪದಂತೆ ಹೇಳಿ ಬರೆಸಿದೆ.